ಮನೆಗೆ ಕರೆದುಕೊಂಡು ಹೋಗಿ ಅಂದರು

ಮೈಲಪ್ಪನಿಗೆ ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲ ಎಂಬ ಸಂಗತಿ ರಾಣೆಬೆನ್ನೂರಿನ ಅವನ ಓಣಿಗೆಲ್ಲ ಗೊತ್ತಿತ್ತು. ಹೇಳಿದವನು ಅವನೇ! ಗುತ್ತಲ-ಹಾವೇರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು, ಅರ್ಧ ಆಯುಷ್ಯವನ್ನು ಬಸ್ಸಿನ ಬಾಗಿಲಲ್ಲಿ ಜೋತಾಡಿಕೊಂಡೇ ಕಳೆದವನು. ಅಂಥವನಿಗೆ ಒಂದು ಆಪರೇಷನ್ ಯಾವ ಲೆಕ್ಕ? ಅದೂ ಆಗಬೇಕಾದದ್ದು ಅವನಿಗಲ್ಲ, ಹೆಂಡತಿ ಉಚ್ಚಂಗೆವ್ವನ ಬಲಗಾಲಿನ ಮೊಣಕಾಲಿಗೆ. ಇನ್ನೊಬ್ಬರ ಮೊಣಕಾಲಿನ ವಿಷಯದಲ್ಲಿ ಧೈರ್ಯ ತಾನಾಗಿಯೇ ಬರುತ್ತದೆ.

ಹಾವೇರಿಯ ಆಸ್ಪತ್ರೆಯೊಂದರಲ್ಲಿ ಬೆಳಿಗ್ಗೆ ಮೊಣಕಾಲು ಬದಲಿಸಿ ಸಂಜೆಗೆ ಮನೆಗೆ ಕಳಿಸುತ್ತಾರೆಂದು ಗೊತ್ತಾಗಿತ್ತು. ಇದು ಎಲ್ಲರಿಗೂ ಆಗುವಂಥದ್ದಲ್ಲ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಹೃದಯ ಚೆನ್ನಾಗಿರಬೇಕು, ಸಕ್ಕರೆ ಹಿಡಿತದಲ್ಲಿರಬೇಕು, ಮನೆಯಲ್ಲಿ ನೋಡಿಕೊಳ್ಳುವವರು ಗಟ್ಟಿ ಇರಬೇಕು. ಉಚ್ಚಂಗೆವ್ವ ಎಲ್ಲ ಪರೀಕ್ಷೆಗಳಲ್ಲೂ ಪಾಸಾದಳು. ‘ಗಟ್ಟಿ’ ಎಂದ ಕೂಡಲೇ ಮೈಲಪ್ಪ ಎದೆ ಉಬ್ಬಿಸಿದ.

“ಮುಂಜಾನಿ ಬಸ್ಸಿಗೆ ಹೋಗಿ ಸಂಜಿ ಬಸ್ಸಿಗೆ ಬಂದಂಗ,” ಎಂದು ಹೆಂಡತಿಗೆ ಸಾರಿದ. “ಇದಕ್ಕ ಬೀಗರು ಬಿಜ್ಜರು ಯಾಕ ಬೇಕು? ನಾ ಒಬ್ಬ ಸಾಕು.”

ಮಗಳು ಕಾವ್ಯಾ ಬರುತ್ತೇನೆಂದರೂ ಬೇಡವೆಂದ. ಮೇಡ್ಲೇರಿಯಲ್ಲಿರುವ ಹೆಂಡತಿಯ ತಮ್ಮ ಕನಕಪ್ಪನಿಗಂತೂ ಸುದ್ದಿಯನ್ನೇ ಮುಟ್ಟಿಸಲಿಲ್ಲ. ಉಚ್ಚಂಗೆವ್ವ ಎದ್ದು ಓಡಾಡುವುದನ್ನು ತೋರಿಸಿ ಎಲ್ಲರ ಬಾಯಿ ಮುಚ್ಚಿಸಬೇಕೆಂಬುದು ಅವನ ಘನ ಸಂಕಲ್ಪ.

ಆಪರೇಷನ್ ಸುಸೂತ್ರವಾಗಿ ಆಯಿತು. ಮಧ್ಯಾಹ್ನದ ಹೊತ್ತಿಗೆ ಉಚ್ಚಂಗೆವ್ವ ವಾಕರ್ ಹಿಡಿದು ಆಸ್ಪತ್ರೆಯ ಪಡಸಾಲೆಯಲ್ಲಿ ನಡೆದಳು, ನರ್ಸು ಹೇಳಿದಂತೆ ಮೆಟ್ಟಿಲು ಹತ್ತಿ ಇಳಿದಳು, ಅಲ್ಲಿಯ ಚಹಾ ಕುಡಿದು ರುಚಿಯಿಲ್ಲವೆಂದು ಅದಕ್ಕೆ ಹೆಸರಿಟ್ಟಳು. ಡಾಕ್ಟರು ಸಂತೋಷಪಟ್ಟು ಮೈಲಪ್ಪನ ಹೆಗಲ ಮೇಲೆ ಕೈಯಿಟ್ಟು, “ಇನ್ನ ಮನಿಗೆ ಕರ್ಕೊಂಡು ಹೋಗ್ರಿ,” ಎಂದರು. ಎಲ್ಲ ಚೆನ್ನಾಗಿದೆ, ಹೆದರುವಂಥದ್ದೇನೂ ಇಲ್ಲ ಎಂದು ಬಹಳ ಹೊತ್ತು ಬಿಡಿಸಿ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದರು. ಮೀನಖಂಡ ಬಾತರೆ, ಉಸಿರು ಕಟ್ಟಿದರೆ, ರಕ್ತ ಸೋರಿದರೆ, ಜ್ವರ ಬಂದರೆ ತಡಮಾಡದೆ ಕರೆತನ್ನಿ ಎಂದರು. ಮೈಲಪ್ಪನ ಕಿವಿ ಆ ಕೊನೆಯ ಮಾತನ್ನಷ್ಟೇ ಹಿಡಿದುಕೊಂಡಿತು!

ಬಾಡಿಗೆ ಕಾರು ಮೋಟೆಬೆನ್ನೂರು ಮುಟ್ಟುವಷ್ಟರಲ್ಲಿ ಅವನು ಗಾಡಿ ನಿಲ್ಲಿಸಿ ಹೆಂಡತಿಯ ಮೀನಖಂಡ ಮುಟ್ಟಿ ನೋಡಿದ. ಕಾಕೋಳದ ಹತ್ತಿರ ಮತ್ತೊಮ್ಮೆ ನಿಲ್ಲಿಸಿದ. ಉಚ್ಚಂಗೆವ್ವನಿಗೆ ನೋವಿನಲ್ಲೂ ನಗು ಬಂತು.

“ಲಗ್ನದಾಗ ಕಾಲುಂಗರ ಇಡೂ ಮುಂದ ಒಮ್ಮೆ ನನ್ನ ಕಾಲ ಮುಟ್ಟಿದ್ರಿ,” ಎಂದಳು. “ಅದನ್ನ ಬಿಟ್ರ ಇವತ್ತ.”

ಮನೆಗೆ ಬಂದವಳೇ ಗುಳಿಗೆ ನುಂಗಿ ಮಲಗಿದಳು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಅವಳ ಗೊರಕೆ ಓಣಿಗೇ ಪ್ರಸಿದ್ಧ, ಇವತ್ತು ಅದು ಇಲ್ಲ. ಮೈಲಪ್ಪ ಅವಳ ಮೂಗಿನ ಹತ್ತಿರ ಬೆರಳು ಹಿಡಿದ. ಗಾಳಿಯೇನೋ ತಾಗಿತು, ಆದರೆ ಅದು ಹೆಂಡತಿಯದೋ ಫ್ಯಾನಿನದೋ ತಿಳಿಯಲಿಲ್ಲ. ಫ್ಯಾನ್ ಆರಿಸಿ ನೋಡುವಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಯಾರಾದರೂ ಜೊತೆಗಿದ್ದರೆ ಸಾಕೆನ್ನಿಸಿ ಕನಕಪ್ಪನಿಗೆ ಫೋನ್ ಹಚ್ಚಿದ.

“ಕನಕಪ್ಪಾ, ನಿಮ್ಮಕ್ಕಗ ಆಪರೇಷನ್ ಆತು,” ಎಂದ ನಡುಗುವ ದನಿಯಲ್ಲಿ. “ಡಾಕ್ಟರ್ ಮನಿಗೆ ಕರ್ಕೊಂಡು ಹೋಗ್ರಿ ಅಂದ್ರು. ಕರ್ಕೊಂಡು ಬಂದೇನಿ.”

ಅಷ್ಟು ಹೇಳಿದವನೇ ಬಿಕ್ಕಿ ಫೋನ್ ಇಟ್ಟ.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಡಾಕ್ಟರು ‘ಮನೆಗೆ ಕರೆದುಕೊಂಡು ಹೋಗಿ’ ಅಂದರೆಂಬ ಮಾತಿಗೆ ನಮ್ಮ ಕಡೆ ಇರುವುದು ಒಂದೇ ಅರ್ಥ. ನಮ್ಮ ಕೈಯಲ್ಲೇನೂ ಉಳಿದಿಲ್ಲ, ಜೀವ ಹೋಗುವುದು ಮನೆಯಲ್ಲೇ ಹೋಗಲಿ, ಬೇಕಾದವರಿಗೆ ಮುಖ ತೋರಿಸಿ ಎಂದು. ಕನಕಪ್ಪನೂ ಹಾಗೇ ತಿಳಿದ. ಅವನು ಊರಿಗೆ ಹೇಳಿದ, ಊರು ಟಂಟಂ ಗಾಡಿ ಹತ್ತಿತು.

ಹೊತ್ತು ಮುಳುಗುವ ಮುನ್ನವೇ ಮನೆ ಸಂತೆ ದಿನದ ಗುತ್ತಲ ಬಸ್ಸಿನಂತಾಯಿತು. ಎಲ್ಲರೂ ಸೆರಗಿನಲ್ಲಿ, ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಗೋಡೆಗುಂಟ ಕುಳಿತರು. ಫೋನ್ ಮಾಡಿದ್ದು ಒಬ್ಬನಿಗೆ, ಬಂದದ್ದು ಇಷ್ಟು ಜನ, ಎಂಥ ಅಂತಃಕರಣ ಎಂದು ಮೈಲಪ್ಪ ಮೊದಲು ಕರಗಿಹೋದ. ಆಗ ಉಚ್ಚಂಗೆವ್ವನ ಚಿಕ್ಕಮ್ಮ ದುರ್ಗವ್ವ ತಂಬಿಗೆ ಹಿಡಿದುಕೊಂಡು ಮುಂದೆ ಬಂದಳು.

“ಹೊಳಿ ನೀರು ತಂದೇನಪಾ,” ಎಂದಳು. “ಬಾಯಾಗ ಎರಡು ಹನಿ ಬಿಡೂನು. ಹುಟ್ಟೂರ ನೀರು ಕುಡದು ಹೋಗ್ಲಿ.”

ಮೈಲಪ್ಪ, ಹೋಗ್ಲಿ ಅಂದರೆ ಎಲ್ಲಿಗೆ ಎಂದು ಕನಕಪ್ಪನನ್ನು ಮೂಲೆಗೆಳೆದು ಕೇಳಿದ. ಮಾಮಾ, ಡಾಕ್ಟರ್ ಕೈಬಿಟ್ಟಾರಂತ ನೀವೇ ಹೇಳಿದಿರಲ್ಲ ಎಂದು ಅವನು ಗೊಳೋ ಎಂದ.

ಬುದ್ಧಿ ನೆಟ್ಟಗಿದ್ದವನಾಗಿದ್ದರೆ ಅಲ್ಲೇ ನಕ್ಕು ಎಲ್ಲರಿಗೂ ಚಹಾ ಕಾಸುತ್ತಿದ್ದ. ಆದರೆ ಹೆದರಿದವನ ಬುದ್ಧಿ ಹಿಂದುಮುಂದಾಗಿ ಓಡುತ್ತದೆ. ಇಷ್ಟು ಜನರಿಗೆ ತಿಳಿದ ಅರ್ಥ ತನಗೊಬ್ಬನಿಗೇ ತಿಳಿಯಲಿಲ್ಲವೇ? ಸಾದಾ ಜ್ವರಕ್ಕೂ ಸಲಾಯಿನ್ ಹಚ್ಚಿ ದಿನಗಟ್ಟಲೆ ಮಲಗಿಸಿಕೊಳ್ಳುವ ಈ ಕಾಲದಲ್ಲಿ, ಕಾಲು ಕೊಯ್ದವಳನ್ನು ಸಂಜೆಗೇ ಕಳಿಸುತ್ತಾರೆಯೇ? ಡಾಕ್ಟರು ಹೆಗಲ ಮೇಲೆ ಕೈಯಿಟ್ಟದ್ದೇಕೆ? ಸಂತೋಷಕ್ಕೆ ಯಾರಾದರೂ ಹಾಗೆ ಕೈಯಿಡುತ್ತಾರೆಯೇ?

ಅವಳು ಬೈಯದೆ ಬಡಿಸಿದ ಒಂದು ಊಟವೂ ಅವನಿಗೆ ನೆನಪಿರಲಿಲ್ಲ. ನಾಳೆಯಿಂದ ಬೈಯುವವರಿಲ್ಲದ ಮನೆಯಲ್ಲಿ ತುತ್ತು ಗಂಟಲಿಗೆ ಇಳಿಯುವುದು ಹೇಗೆ? ಮೈಲಪ್ಪ ಮಂಚದ ಕಾಲು ಹಿಡಿದು ಕುಸಿದು ಮಗುವಿನಂತೆ ಅತ್ತ. ಗಂಡನೇ ಅತ್ತ ಮೇಲೆ ಇನ್ನೇನು ಸಾಕ್ಷಿ ಬೇಕೆಂದು ಮೇಡ್ಲೇರಿಯವರೂ ದನಿಯೆತ್ತಿದರು. ಆ ಗದ್ದಲದಲ್ಲಿ ದುರ್ಗವ್ವ ಎರಡು ಹನಿ ಬಿಡಲು ಹೋಗಿ ಅರ್ಧ ತಂಬಿಗೆ ಸುರುವಿದಳು.

ಉಚ್ಚಂಗೆವ್ವ ಕೆಮ್ಮುತ್ತ ಕಣ್ಣು ಬಿಟ್ಟಳು.

“ಯಾವಾಕಿ ಇಕಿ, ಮಲಗಿದಾಕಿ ಬಾಯಾಗ ನೀರು ಹೊಯ್ಯಾಕಿ?”

ಅಳು ಗಕ್ಕನೆ ನಿಂತಿತು. ಇಷ್ಟೊಂದು ಜನ ಯಾಕೆ ಬಂದಿದ್ದಾರೆಂದು ಅವಳು ಕೇಳಿದಳು. ಕನಕಪ್ಪ ನೆಲ ನೋಡುತ್ತ ಎಲ್ಲ ಹೇಳಿದ. ಅವಳು ತುಟಿ ಬಿಗಿಹಿಡಿದು ವಾಕರ್ ಹತ್ತಿರ ಎಳೆದುಕೊಂಡಳು, ನರ್ಸು ಕಲಿಸಿದಂತೆ ಮೆಲ್ಲಗೆ ಎದ್ದಳು, ಪಡಸಾಲೆಯವರೆಗೆ ನಡೆದು ಹೋಗಿ ಮಂಚಕ್ಕೆ ಮರಳಿ ಕುಳಿತಳು. ಕೊನೆಯ ಸಲ ಮುಖ ನೋಡಲು ಬಂದವರು ಬಾಯಿ ತೆರೆದುಕೊಂಡು ದಾರಿ ಬಿಟ್ಟರು. ಮೈಲಪ್ಪನೂ ಏಳಲು ನೋಡಿದ, ಕಾಲು ಮಾತು ಕೇಳಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಮನೆಗೆ ಕಳಿಸಿದವರನ್ನು ಸಂಜೆ ವಿಚಾರಿಸುವುದು ಆಸ್ಪತ್ರೆಯ ಪದ್ಧತಿ. ಮೈಲಪ್ಪ ಅದನ್ನು ಕಿವಿಗೆ ಹಿಡಿಯುವ ಮೊದಲೇ ಉಚ್ಚಂಗೆವ್ವ ಬಾಗಿ ಕಸಿದುಕೊಂಡಳು. ಬಾವು ಇಲ್ಲ, ಜ್ವರ ಇಲ್ಲ, ಉಸಿರು ಸರಾಗ, ನೋವು ತಡೆಯುವಷ್ಟೇ ಎಂದು ನರ್ಸಿಗೆ ಒಂದೊಂದಾಗಿ ವರದಿ ಒಪ್ಪಿಸಿದಳು. ಕೊನೆಗೆ ನರ್ಸು, ನೋಡಿಕೊಳ್ಳುವವರು ಹೇಗಿದ್ದಾರೆ ಎಂದು ಕೇಳಿದಳು. ಉಚ್ಚಂಗೆವ್ವ ನೆಲದ ಮೇಲೆ ಕುಳಿತ ಗಂಡನನ್ನು ಒಮ್ಮೆ ನೋಡಿದಳು.

“ಅವರವು ಎರಡೂ ಮೊಣಕಾಲು ನಡಗಾಕತ್ತಾವ್ರಿ,” ಎಂದಳು. “ನಾಳೆ ಕರ್ಕೊಂಡು ಬರ್ತೇನಿ, ಎರಡೂ ಬದ್ಲಿ ಮಾಡಿಬಿಡ್ರಿ. ಆದ್ರ ಅವರನ್ನ ಮಾತ್ರ ಅದ ದಿನ ಕಳಸಬ್ಯಾಡ್ರಿ, ನಾ ಆರಾಮ ಆಗೂತನಕ ಅಲ್ಲೇ ಇಟಗೋರಿ.”