ನನ್ನ ಆನಂದಬಾಷ್ಪದ ಬಗ್ಗೆ ಡಬ್ಬಿ ಅಕ್ಕನವರಿಗೆ

ಮಾನ್ಯರೇ,

ತಾವೂ, ತಮ್ಮ ಮನೆಯ ಮೂರು ಬಣ್ಣದ ಗೋಡೆಗಳೂ, ಎತ್ತರದ ಪ್ರಕಾರ ಸಾಲಾಗಿ ನಿಂತಿರುವ ತಮ್ಮ ಗಾಜಿನ ಭರಣಿಗಳೂ, ಇದುವರೆಗೆ ಯಾರೂ ಕೂತ ಗುರುತಿಲ್ಲದ ತಮ್ಮ ಬಿಳಿ ಸೋಫಾವೂ ಕ್ಷೇಮವೆಂದು ನಂಬಿ, ನಾಲ್ಕು ಜನ ಓದಲಿ ಎಂಬ ಸದುದ್ದೇಶದಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಮನೆಯನ್ನು ನಮ್ಮ ಕೈಯಾರೆ ಒಪ್ಪ ಮಾಡಿಕೊಳ್ಳುವುದು ಹೇಗೆಂದು ತಾವು ವಾರಕ್ಕೆ ಮೂರು ಸಲ ಫೋನಿನೊಳಗಿಂದ ತಿಳಿಸಿಕೊಡುವ ವಿಡಿಯೊಗಳಿಗೆ ನಮ್ಮ ಮನೆಯಲ್ಲಿ ಎಷ್ಟು ಗೌರವವಿದೆಯೆಂದರೆ, ತಮ್ಮ ನಿಜವಾದ ಹೆಸರು ಮರೆತೇ ಹೋಗಿ ನಮ್ಮ ಅತ್ತೆ ಇಟ್ಟ ‘ಡಬ್ಬಿ ಅಕ್ಕ’ ಎಂಬ ಹೆಸರೇ ಖಾಯಂ ಆಗಿದೆ. ತಪ್ಪು ತಿಳಿಯಬೇಡಿ, ನಮ್ಮ ಅತ್ತೆ ಅಡ್ಡಹೆಸರು ಇಡುವುದು ಮನಸ್ಸಿಗೆ ಹಿಡಿಸಿದವರಿಗೆ ಮಾತ್ರ. ನನಗೆ ಹತ್ತೊಂಬತ್ತು ವರ್ಷದಿಂದ ಇಟ್ಟಿಲ್ಲ.

ನನ್ನನ್ನು ತಾವು ಬಲ್ಲಿರಿ. ಕಳೆದ ತಿಂಗಳು ತಾವು ಹಾಕಿದ ‘ಗಂಡ ಕೊಟ್ಟ ಅಚ್ಚರಿ, ಹೆಂಡತಿಯ ಆನಂದಬಾಷ್ಪ’ ಎಂಬ ವಿಡಿಯೊದಲ್ಲಿ, ನಾಲ್ಕನೆಯ ನಿಮಿಷಕ್ಕೆ ಸರಿಯಾಗಿ, ಊರಿಂದ ತಂದ ಚೀಲವನ್ನು ನೆಲಕ್ಕೆ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಾಳಲ್ಲ, ಆ ಹೆಂಗಸೇ ನಾನು. ಅದನ್ನು ಆರು ಲಕ್ಷ ಜನ ನೋಡಿದರೆಂದೂ ಅರ್ಧಕ್ಕರ್ಧ ಜನ ಕೆಂಪು ಹೃದಯ ಒತ್ತಿದರೆಂದೂ ಕೇಳಿದೆ. ಇಷ್ಟು ದೊಡ್ಡ ಸಭೆಯ ಮುಂದೆ ಅಳುವ ಯೋಗ ಎಲ್ಲರಿಗೂ ಕೂಡಿ ಬರುವುದಿಲ್ಲವಾದ್ದರಿಂದ ತಮಗೆ ಋಣಿಯಾಗಿದ್ದೇನೆ. ನನ್ನ ತಕರಾರು ಬಹಳ ಸಣ್ಣದು: ಅದು ಆನಂದಬಾಷ್ಪವಲ್ಲ.

ನಾನು ಹೊಲಿಗೆಯವಳು. ಮನೆಯ ಮುಂಗೋಣೆಯಲ್ಲಿ, ಕಿಟಕಿಯ ಪಕ್ಕ, ನನ್ನ ಮಷೀನೂ ಕತ್ತರಿಸುವ ಮೇಜೂ ಇವೆ. ಒಬ್ಬರ ಬಟ್ಟೆ ಕತ್ತರಿಸಿದ ಮೇಲೆ ಅದರ ಮುಂಭಾಗ, ಬೆನ್ನು, ಎರಡು ತೋಳು, ಕಾಲರು ಎಲ್ಲವನ್ನೂ ಒಟ್ಟಿಗೆ ಸುತ್ತಿ, ಒಳಗೆ ಅವರ ಅಳತೆಯ ಚೀಟಿ ಸಿಕ್ಕಿಸಿ, ಅದೇ ಬಟ್ಟೆಯ ಅಂಚಿನಿಂದ ಒಂದು ಗಂಟು ಕಟ್ಟಿ ಬೆಂಚಿನ ಮೇಲೆ ಇಡುವುದು ನನ್ನ ಪದ್ಧತಿ. ತಮ್ಮಂಥ ಸಂಸ್ಕಾರವಂತರ ಕಣ್ಣಿಗೆ ಅದು ಒಗೆಯಲು ಹಾಕಿದ ಬಟ್ಟೆಯ ಗುಡ್ಡೆಯಂತೆ ಕಾಣಬಹುದು. ನನ್ನ ಕಣ್ಣಿಗೆ ಅದು ಹದಿನಾಲ್ಕು ಜನ ಗಿರಾಕಿಗಳು. ಯಾವ ಗಂಟು ಯಾರದು, ಅವರಲ್ಲಿ ಯಾರಿಗೆ ಹೊಟ್ಟೆ ಮುಂದಿದೆ, ಯಾರು ಕೂತಾಗ ಬೆನ್ನು ಬಾಗಿಸುತ್ತಾರೆ, ಯಾರು ಕಂಕುಳಲ್ಲಿ ಬಿಗಿಯಾದರೆ ಸಹಿಸುವುದಿಲ್ಲ, ಎಲ್ಲ ಆ ಚೀಟಿಗಳಲ್ಲಿ ಇರುತ್ತದೆ.

ನಮ್ಮ ಯಜಮಾನರು ಯಂತ್ರಗಳ ಬಿಡಿಭಾಗಗಳ ಗೋದಾಮಿನಲ್ಲಿ ಉಗ್ರಾಣಿ. ಗೋದಾಮಿನ ಸೂರು ರಿಪೇರಿಗೆ ಬಂದು ಹದಿನೈದು ದಿನ ಬಾಗಿಲು ಹಾಕಿದರು, ಇವರು ಮನೆಯಲ್ಲಿ ಉಳಿದರು, ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ತಾವಿದ್ದಿರಿ. ಮೊದಲ ವಾರದಲ್ಲೇ ತಮ್ಮ ಕೃಪೆಯಿಂದ ನಮ್ಮ ಮನೆಯ ಏಣಿಯನ್ನು ಕೊಯ್ದು ಪುಸ್ತಕದ ಕಪಾಟು ಮಾಡಿ, ಆ ಕಪಾಟನ್ನು ಗೋಡೆಗೆ ಏರಿಸಲು ಪಕ್ಕದ ಮನೆಯಿಂದ ಏಣಿ ಕೇಳಿ ತಂದರು. ಮನೆಯಲ್ಲಿ ಪುಸ್ತಕ ಇದ್ದದ್ದು ಎರಡು, ಅದರಲ್ಲೊಂದು ಮಿಕ್ಸಿಯ ಜೊತೆ ಬಂದ ಕೈಪಿಡಿ. ಚಪ್ಪಲಿಗಳು ನೆಲ ಬಿಟ್ಟು ಗೋಡೆ ಹತ್ತಿದವು. ಅತ್ತೆಯ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ತಾವು ಹೇಳಿದಂಥದೇ ಪುಟ್ಟ ಭರಣಿಗಳಲ್ಲಿ ತುಂಬಿಟ್ಟಾಗ ಅತ್ತೆ, “ಯಾವ್ದು ಬಿಪಿದು, ಯಾವ್ದು ಗ್ಯಾಸಿಂದು ಅಂತ ಬಣ್ಣ ನೋಡಿ ನುಂಗೋಕೆ ನಾನೇನು ಪೆಪ್ಪರ್‌ಮಿಂಟ್ ತಿನ್ನೋ ಮಗುವೇನೋ?” ಎಂದು ಎರಡು ದಿನ ಮಾತ್ರೆಯನ್ನೇ ಮುಟ್ಟಲಿಲ್ಲ. ನಾನೋ, ಕೆಲಸವಿಲ್ಲದೆ ಕೂತ ಗಂಡಸು ಏನೋ ಒಂದು ಮಾಡುತ್ತಿದ್ದಾರಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟೆ. ಅಲ್ಲೇ ನಾನು ಎಡವಿದ್ದು.

ಎರಡನೆಯ ವಾರ ನನ್ನ ತಂಗಿಗೆ ಹೆರಿಗೆಯಾಯಿತು. ಮೂರು ದಿನ ಅವಳ ಮನೆಗೆ ಹೋದೆ. ಆ ಮೂರು ದಿನ ನಮ್ಮ ಯಜಮಾನರು ಹೊತ್ತು ಹೊತ್ತಿಗೆ ಊಟ ಮಾಡದೆ, ಕತ್ತು ನೆಟ್ಟಗೆ ಮಾಡದೆ, ನನ್ನ ಮೂಲೆಯನ್ನು ಉದ್ಧಾರ ಮಾಡಿದರು. ಗೋಡೆಗೆ ತಿಳಿನೀಲಿ ಬಳಿದರು, ಕಿಟಕಿಗೆ ಮಿಣುಕು ದೀಪದ ಸರ ಕಟ್ಟಿದರು, ಮುಚ್ಚಳವಿರುವ ಪಾರದರ್ಶಕ ಡಬ್ಬಿ ಮೂವತ್ತಾರು ತಂದರು. ‘ಒಂದು ಜಾತಿಯ ವಸ್ತುವಿಗೆ ಒಂದೇ ಮನೆ’ ಎಂಬುದು ತಮ್ಮ ಬೋಧನೆಯಷ್ಟೆ? ಇಪ್ಪತ್ತು ವರ್ಷ ನಟ್ಟಿಗೆ ನಟ್ಟು, ಬೋಲ್ಟಿಗೆ ಬೋಲ್ಟು ಜೋಡಿಸಿದ ಉಗ್ರಾಣಿಗೆ ಅದು ಹೃದಯಕ್ಕೇ ನಾಟಿತು. ನನ್ನ ಹದಿನಾಲ್ಕು ಗಂಟುಗಳನ್ನೂ ಬಿಚ್ಚಿ, ತೋಳುಗಳನ್ನೆಲ್ಲ ತೋಳಿನ ಡಬ್ಬಿಗೂ, ಕಾಲರುಗಳನ್ನೆಲ್ಲ ಕಾಲರಿನ ಡಬ್ಬಿಗೂ, ಬೆನ್ನುಗಳನ್ನೆಲ್ಲ ಬೆನ್ನಿನ ಡಬ್ಬಿಗೂ ಹಾಕಿ, ಇಸ್ತ್ರಿ ಮಾಡಿ, ಒಂದೊಂದರಲ್ಲೂ ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಜೋಡಿಸಿದರು. ಚೀಟಿಗಳನ್ನು ಏನು ಮಾಡಬೇಕೆಂದು ಅವರಿಗೆ ಒಂದು ಗಳಿಗೆ ಅನುಮಾನ ಬಂತಂತೆ. ‘ಒಂದು ವಾರ ಮುಟ್ಟದ ಕಾಗದ ಕಾಗದವಲ್ಲ, ಕಸ’ ಎಂದು ತಾವು ಹನ್ನೆರಡನೆಯ ಕಂತಿನಲ್ಲಿ ಅನುಮಾನ ಪರಿಹರಿಸಿದಿರಂತೆ.

ಇನ್ನು ಅಂಚೆಯವರ ವಿಷಯ. ನಮ್ಮ ಬೀದಿಯ ಅಂಚೆಯವರಿಗೆ ವರ್ಷಗಟ್ಟಲೆ ಚೀಲ ಹೊತ್ತು ಒಂದು ಭುಜ ಇಳಿದಿದೆ, ಆದ್ದರಿಂದ ಅವರ ಎರಡು ತೋಳುಗಳನ್ನು ನಾನು ಮುಕ್ಕಾಲು ಅಂಗುಲ ವ್ಯತ್ಯಾಸ ಇಟ್ಟೇ ಕತ್ತರಿಸುತ್ತೇನೆ. ನಮ್ಮ ಯಜಮಾನರು ಅಳತೆಪಟ್ಟಿ ಹಿಡಿದು ಆ ದೋಷವನ್ನು ಪತ್ತೆಹಚ್ಚಿ, ಹೆಂಡತಿಯ ಮರ್ಯಾದೆ ಉಳಿಸಲೆಂದು ಉದ್ದದ ತೋಳನ್ನು ಕತ್ತರಿಸಿ ಸಮ ಮಾಡಿಟ್ಟರು. ಆಮೇಲೆ ಕೂತು, ‘ಉಳಿದ ತುಂಡಿನಿಂದ ಅಡುಗೆಮನೆಗೆ ಅಂದ’ ಎಂಬ ತಮ್ಮ ಪಾಠದ ಪ್ರಕಾರ, ಎಲ್ಲಕ್ಕಿಂತ ಅಗಲವಾಗಿ ಕಂಡ ಒಂದು ಬಿಳಿ ತುಂಡನ್ನು ಗುಂಡಗೆ ಕತ್ತರಿಸಿ, ಅಂಟು ಹಾಕಿ, ಮಿಕ್ಸಿಗೆ ಮುಸುಕು ಮಾಡಿದರು. ಬಹಳ ಚೆಂದದ ಮುಸುಕು. ಅಂಚಿಗೆ ಗುಂಡಿ ಬೇರೆ ಅಂಟಿಸಿದ್ದರು.

ಶುಕ್ರವಾರ ಸಂಜೆ ನಾನು ಬಾಗಿಲಲ್ಲಿ ಕಾಲಿಟ್ಟಾಗ ಎದುರಿಗೆ ಫೋನು ಮೂರು ಕಾಲಿನ ಮೇಲೆ ನಿಂತು ನನ್ನನ್ನು ನೋಡುತ್ತಿತ್ತು. ದೀಪಗಳು ಮಿಣುಗುಟ್ಟಿದವು. ಮೂವತ್ತಾರು ಡಬ್ಬಿಗಳಲ್ಲಿ ಹದಿನಾಲ್ಕು ಜನರ ಕೈ, ಕತ್ತು, ಬೆನ್ನು ಬೇರೆ ಬೇರೆಯಾಗಿ ಮಲಗಿದ್ದವು. ಮೇಲೆ ಮರದ ಹಲಗೆಯೊಂದರಲ್ಲಿ, ಬಳ್ಳಿಯ ಚಿತ್ತಾರದ ನಡುವೆ, ‘ನನ್ನವಳ ಹವ್ಯಾಸದ ಮೂಲೆ’ ಎಂದು ಬರೆದಿತ್ತು. ಕೈಯಲ್ಲಿದ್ದ ಚೀಲ ಜಾರಿತು. ನಮ್ಮ ಯಜಮಾನರು ನನ್ನ ಕಣ್ಣೀರು ನೋಡಿ ತಾವೂ ಕಣ್ಣು ಒರೆಸಿಕೊಂಡರು. ಮುಖದ ತುಂಬ ಬಣ್ಣದ ಕಲೆ, ಬೆರಳಿಗೆ ಅಂಟು, ಕಣ್ಣಲ್ಲಿ ಅಷ್ಟು ಆಸೆ. ಆ ಮನುಷ್ಯನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಿಂದಿನಿಂದ ಅತ್ತೆ ಮಾತ್ರ, “ಲೋ, ಅವ್ಳು ಖುಷಿಗೆ ಅಳ್ತಿಲ್ಲ ಕಣೋ, ಏನೋ ಹಾಳಾಗಿದೆ, ಮೊದ್ಲು ಆ ಫೋನ್ ಆಫ್ ಮಾಡೋ” ಎಂದು ಸ್ಪಷ್ಟವಾಗಿ ಹೇಳಿದರು. ನಮ್ಮ ಯಜಮಾನರು ಅಂದೇ ರಾತ್ರಿ ತಮಗೆ ಕಳಿಸಿಕೊಟ್ಟ ಇಡೀ ವಿಡಿಯೊದಲ್ಲಿ ಬುದ್ಧಿಯ ಮಾತು ಅದೊಂದೇ ಇತ್ತು, ಅದೇ ಜಾಗಕ್ಕೆ ತಾವು ಕೊಳಲಿನ ಸಂಗೀತ ಹಾಕಿದ್ದೀರಿ. ತಮ್ಮ ಸಂಗೀತಜ್ಞಾನಕ್ಕೆ ನನ್ನ ನಮಸ್ಕಾರ.

ಮಾರನೆಯ ದಿನ ಹದಿನಾಲ್ಕು ಜನರನ್ನೂ ಮನೆಗೆ ಕರೆಸಿದೆ. ಒಬ್ಬೊಬ್ಬರನ್ನೇ ನಿಲ್ಲಿಸಿ ಡಬ್ಬಿಯಿಂದ ತೋಳು ತೆಗೆದು ಕೈಗೆ ಹಿಡಿದು, ಕಾಲರು ತೆಗೆದು ಕತ್ತಿಗೆ ಸುತ್ತಿ, ಯಾರ ಮೈ ಯಾರದೆಂದು ಹುಡುಕಿದೆ. ನಮ್ಮ ಯಜಮಾನರು, ಅಷ್ಟರಲ್ಲಿ ವಿಷಯ ತಲೆಗೆ ಹತ್ತಿ, ಮುಖ ಬಿಳಿಚಿಕೊಂಡು, ಡಬ್ಬಿ ಎತ್ತಿಕೊಟ್ಟು ಡಬ್ಬಿ ಇಳಿಸುವ ಕೆಲಸ ಮಾಡಿದರು. ಅಂಚೆಯವರ ಮುಂದೆ ಮಾತ್ರ ಅವರೇ ಹೋಗಿ ನಿಂತು ತೋಳು ಕತ್ತರಿಸಿದ್ದು ತಾನೆಂದು ಒಪ್ಪಿಕೊಂಡರು. ಆ ಪುಣ್ಯಾತ್ಮರು, “ಹೋಗ್ಲಿ ಬಿಡಿ ಸಾರ್, ಇನ್ನೊಂದು ಹೆಗಲಿಗೂ ಒಂದಷ್ಟು ವರ್ಷ ಚೀಲ ಹಾಕ್ಕೊಂಡು ಸಮ ಮಾಡ್ಕೋತೀನಿ” ಎಂದು ನಕ್ಕರು. ಎಲ್ಲರೂ ನಕ್ಕರು.

ನಗದೆ ನಿಂತವರು ಮೂಲೆ ಮನೆಯ ನರ್ಸ್. ಸೋಮವಾರ ಬೆಳಿಗ್ಗೆ ಹೊಸ ಆಸ್ಪತ್ರೆಯಲ್ಲಿ ಅವರ ಕೆಲಸ ಶುರು. ಸಮವಸ್ತ್ರದ ಬಟ್ಟೆಯನ್ನು ಆಸ್ಪತ್ರೆಯವರೇ ಅಳೆದು ಕೊಟ್ಟಿದ್ದರು, ಒಂದು ಅಂಗೈ ಅಗಲವೂ ಹೆಚ್ಚಿಗೆ ಇರಲಿಲ್ಲ. ಮುಂಭಾಗ ಸಿಕ್ಕಿತು, ತೋಳು ಸಿಕ್ಕಿತು, ಕಾಲರು ಸಿಕ್ಕಿತು, ಬೆನ್ನು ಮಾತ್ರ ಮಿಕ್ಸಿಯ ತಲೆಯ ಮೇಲಿತ್ತು. ಭಾನುವಾರವಿಡೀ ಅಂಗಡಿ ಅಂಗಡಿ ಅಲೆದರೂ ಆ ಬಿಳಿಗೆ ಹೊಂದುವ ಬಿಳಿ ನನಗೆ ಸಿಗಲಿಲ್ಲ. ಅವರು ಯಾರದೋ ಎರಡು ಅಳತೆ ದೊಡ್ಡ ಸಮವಸ್ತ್ರ ತೊಟ್ಟು ಹೋದರು, ಮೇಲ್ವಿಚಾರಕಿ ಎಲ್ಲರೆದುರು “ಇದೇನು, ಅಮ್ಮನ ಬಟ್ಟೆ ಹಾಕ್ಕೊಂಡು ಬಂದ್ರಾ?” ಎಂದರಂತೆ. ಸಂಜೆ ನರ್ಸ್ ನಮ್ಮ ಮನೆಗೆ ಬಂದರು. ಮುಂಭಾಗ, ತೋಳು, ಕಾಲರು ವಾಪಸು ಕೇಳಿ ತೆಗೆದುಕೊಂಡು ಹೋದರು. ಹನ್ನೊಂದು ವರ್ಷ ನನ್ನ ಕೈಯ ಹೊಲಿಗೆ ಬಿಟ್ಟು ಬೇರೆ ತೊಡದವರು ಈಗ ನಮ್ಮ ಮನೆ ಬಂದಾಗ ಬೀದಿಯ ಆಚೆ ಬದಿಗೆ ದಾಟಿ ನಡೆಯುತ್ತಾರೆ. ಕಿಟಕಿಯ ಪಕ್ಕ ಕೂತವಳಿಗೆ ಅದು ದಿನಕ್ಕೆ ಎರಡು ಸಲ ಕಾಣುತ್ತದೆ, ಪ್ರತಿ ಸಲವೂ ಅವಮಾನವಾಗುತ್ತದೆ.

ಗಂಟು ಬಿಚ್ಚಿದ್ದನ್ನು, ಚೀಟಿ ಎಸೆದದ್ದನ್ನು, ಬೆನ್ನು ಕತ್ತರಿಸಿದ್ದನ್ನು ನಮ್ಮ ಯಜಮಾನರ ಲೆಕ್ಕಕ್ಕೇ ಬಿಡುತ್ತೇನೆ. ಅವರ ಜೊತೆ ಅದನ್ನು ಇತ್ಯರ್ಥ ಮಾಡಿಕೊಳ್ಳಲು ನನಗೆ ಇಡೀ ಜೀವಮಾನವಿದೆ. ಆದರೆ ‘ಹವ್ಯಾಸ’ ಎಂಬ ಮಾತು ಅವರದಲ್ಲ, ತಮ್ಮದು. ಹೊಲಿಗೆ ಮಷೀನಿರುವ ಮೂಲೆಗೆ ‘ಮನೆಯಾಕೆಯ ಹವ್ಯಾಸದ ಮೂಲೆ’ ಎಂಬ ಹಲಗೆ, ಫೈಲಿರುವ ಮೇಜಿಗೆ ‘ಮನೆಯವರ ಕಚೇರಿ’ ಎಂಬ ಹಲಗೆ ಎಂದು ತಾವು ಒಂಬತ್ತನೆಯ ಕಂತಿನಲ್ಲಿ ಅಕ್ಷರದ ಅಚ್ಚು ಸಮೇತ ತೋರಿಸಿದ್ದೀರಿ. ನಮ್ಮ ಯಜಮಾನರಿಗೆ ಮನೆಯಲ್ಲಿ ಫೈಲೂ ಇಲ್ಲ, ಮೇಜೂ ಇಲ್ಲ. ಆದರೂ ಎರಡನೆಯ ಹಲಗೆಯನ್ನು ಬರೆದಿಟ್ಟಿದ್ದರು, ಮುಂದೆ ಬೇಕಾಗಬಹುದೆಂದು. ಹವ್ಯಾಸವೆಂದು ಬರೆದಿದ್ದರಿಂದಲೇ ಅವರಿಗೆ ಗಂಟು ಬಿಚ್ಚುವ ಧೈರ್ಯ ಬಂದದ್ದು. ಗೋದಾಮಿನಲ್ಲಿ ಬೇರೆಯವರ ಕಪಾಟಿನ ಒಂದು ತಿರುಪನ್ನೂ ಕೇಳದೆ ಮುಟ್ಟದ ಮನುಷ್ಯ ಅವರು.

ಆದ್ದರಿಂದ ತಮ್ಮ ದೊಡ್ಡ ಮನಸ್ಸಿನಲ್ಲಿ ನನ್ನ ಕೆಲವು ಸಣ್ಣ ವಿನಂತಿಗಳಿಗೆ ಜಾಗ ಮಾಡಿಕೊಡಬೇಕು, ಜಾಗ ಮಾಡುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಮೊದಲನೆಯದಾಗಿ, ಕೆಂಪು ಹೃದಯ ಒತ್ತಿದ ಆ ಮೂರು ಲಕ್ಷ ಜನರನ್ನೂ ಒಬ್ಬೊಬ್ಬರಾಗಿ ಕರೆದು ಅದನ್ನು ವಾಪಸು ತೆಗೆದುಕೊಳ್ಳಲು ಹೇಳಿ, ಅವನ್ನು ಬಣ್ಣದ ಪ್ರಕಾರ ಜೋಡಿಸಿಡಬೇಕು. ಕೊಳಲನ್ನು ಬಿಚ್ಚಿ ನಮ್ಮ ಅತ್ತೆಯ ಮಾತನ್ನು ಅದರ ಜಾಗದಲ್ಲಿ ವಾಪಸು ಹೊಲಿಯಬೇಕು. ಮಿಕ್ಸಿಯ ಮುಸುಕನ್ನು ಮತ್ತೆ ಬೆನ್ನು ಮಾಡುವ ವಿಧಾನ ತಮ್ಮ ಯಾವುದಾದರೂ ಕಂತಿನಲ್ಲಿದ್ದರೆ ತಿಳಿಸಬೇಕು. ಅದೂ ಆಗದಿದ್ದರೆ ಒಂದು ಸೋಮವಾರ ಬೆಳಿಗ್ಗೆ ಬಂದು, ನರ್ಸ್ ಆಚೆ ಬದಿಗೆ ದಾಟುವ ಹೊತ್ತಿಗೆ, ನನ್ನ ಪಕ್ಕ ಕಿಟಕಿಯಲ್ಲಿ ಕೂತುಕೊಳ್ಳಬೇಕು. ಫೋನು ತರುವುದು ಬೇಡ.

ಹಲಗೆಯನ್ನು ನಮ್ಮ ಯಜಮಾನರೇ ಇಳಿಸಿದರು. ಈಗ ಅದರ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ತೋಳಿನ ಪಟ್ಟಿಗಳ ಅಳತೆ ಗುರುತು ಮಾಡುತ್ತೇನೆ, ನುಣುಪಾದ ಮರ, ಕೆಲಸಕ್ಕೆ ಬರುತ್ತದೆ. ಗಂಟುಗಳು ಬೆಂಚಿಗೆ ಮರಳಿವೆ. ಒಂದು ಕಡಿಮೆಯಿದೆ.

ಇಂತು ತಮ್ಮ ವಿಶ್ವಾಸಿ,
ನಾಲ್ಕನೆಯ ನಿಮಿಷದಲ್ಲಿ ಅಳುವ ಹೊಲಿಗೆಯವಳು

ಮರೆತ ಮಾತು: ಆ ವಿಡಿಯೊದ ಕೊನೆಯಲ್ಲಿ ತಾವು ಹಸಿರು ಅಂಗಿ ತೊಟ್ಟು ನನ್ನ ಕಣ್ಣೀರಿನ ಬಗ್ಗೆ ಮಾತಾಡುತ್ತ ಮೇಲಿನ ಕಪಾಟಿಗೆ ಡಬ್ಬಿ ಇಡಲು ಕೈ ಎತ್ತುತ್ತೀರಿ, ಅರ್ಧಕ್ಕೆ ಎತ್ತಿ ಇಳಿಸಿ ಕೆಳಗಿನ ಕಪಾಟಿನಲ್ಲೇ ಇಡುತ್ತೀರಿ. ಆರು ಲಕ್ಷ ಜನರಿಗೆ ಕಾಣದಿದ್ದದ್ದು ನನಗೆ ಕಂಡಿತು. ತಮ್ಮ ಅಂಗಿಯ ಎಡದ ತೋಳು ಬಲಕ್ಕೂ ಬಲದ ತೋಳು ಎಡಕ್ಕೂ ಕೂತಿದೆ, ಅದಕ್ಕೇ ಕೈ ಮೇಲೇಳುವುದಿಲ್ಲ. ಹೊಲಿದವರ ಮನೆಯಲ್ಲೂ ಯಾರೋ ತಮ್ಮ ವಿಡಿಯೊ ನೋಡಿರಬೇಕು. ಕಳಿಸಿಕೊಡಿ, ಬಿಚ್ಚಿ ಸರಿ ಮಾಡಿಕೊಡುತ್ತೇನೆ. ಕೂಲಿ ತೆಗೆದುಕೊಳ್ಳುತ್ತೇನೆ.