ದೊಡ್ಡವ್ವನ ದುವಾ, ವಿಳಾಸ ಸಮೇತ

ಅಲ್ಲಾಹನಿಗೆ ಎಲ್ಲವೂ ಗೊತ್ತು, ಪುಣೆಯ ರಸ್ತೆಗಳನ್ನು ಬಿಟ್ಟು! ತೋಬಾ ತೋಬಾ, ಇದು ನನ್ನ ಮಾತಲ್ಲ, ನನಗೆ ಅಷ್ಟು ಧೈರ್ಯವಿಲ್ಲ. ಆದರೆ ನಮ್ಮ ದೊಡ್ಡವ್ವನ ದುವಾ ಒಮ್ಮೆ ಕಿವಿಗೆ ಬಿದ್ದವರು ಯಾರೇ ಆಗಲಿ, ಈ ತೀರ್ಮಾನಕ್ಕೆ ಬರದೆ ಗತಿಯಿಲ್ಲ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ನಾವು ಧಾರವಾಡ ಸೀಮೆಯ ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಮಂದಿ, ಮನೆಮಾತು ಕನ್ನಡ. ದೊಡ್ಡಪ್ಪ ಪುಣೆ ಪಕ್ಕದ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದಾಗ ಅವನ ಹಿಂದೆ ಬಂದವಳು ಇವಳು. ನೌಕರಿಗೆಂದು ಬಂದು ಇವಳ ಮನೆಯಲ್ಲೇ ಬೀಡುಬಿಟ್ಟವಳು ನಾನು. ನಮಾಜು ಮುಗಿಸಿ, ಅತ್ತ ಇತ್ತ ಸಲಾಮು ಹೇಳಿ, ಎರಡೂ ಅಂಗೈ ಮೇಲೆತ್ತಿದಳೆಂದರೆ ಶುರು. ಅದೂ ಎಂಥ ದನಿ! ಅವಳು ಏನು ಬೇಡಿದಳೆಂದು ಕೆಳಗೆ ಗೇಟಿನಲ್ಲಿ ಕೂತ ವಾಚಮನ್‌ಗೂ ಗೊತ್ತಾಗಬೇಕು.

“ಯಾ ಅಲ್ಲಾ, ನಮ್ಮ ನಾದಿನಿ ಮಗನ ಕಾಲು ನೆಟ್ಟಗ ಮಾಡು. ಬಿಬವೇವಾಡಿ ಒಳಗ ಇರ್ತಾನ. ಭಾಜಿ ಮಾರ್ಕೆಟ್ ದಾಟಿ ಎಡಕ್ಕ ಹೊಳ್ಳಬೇಕು. ಹಿಟ್ಟಿನ ಗಿರಣಿ ಬಾಜೂಕ, ಹಸರ ಗೇಟಿನ ಮನಿ.”

ನನಗೆ ನಗು ತಡೆಯಲಾಗಲಿಲ್ಲ. “ದೊಡ್ಡವ್ವಾ, ಅವಗ ಗೊತ್ತಿರೂದಿಲ್ಲೇನಬೇ? ರಿಕ್ಷಾದವಗ ಹೇಳಿದಂಗ ಹೇಳಾಕತ್ತೀಯಲ್ಲ!”

“ಗೊತ್ತದ. ನಿನಗ ಹಸಿವಿ ಆಗೇದ ಅಂತ ನಿಮ್ಮವ್ವಗ ಗೊತ್ತಿರ್ತಿತ್ತು. ಹಂಗಂತ ನೀ ಅಳೂದು ಬಿಟ್ಟಿದ್ದಿ ಏನು? ಹೇಳೂದು ನಮ್ಮ ಕೆಲಸ.”

 

ಸ್ವಲ್ಪ ದಿನಕ್ಕೆ ಗೊತ್ತಾಯಿತು, ಆ ಹುಡುಗ ಹಸಿರು ಗೇಟಿನ ಮನೆ ಬಿಟ್ಟು ಎಷ್ಟೋ ತಿಂಗಳಾಗಿದೆ! ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ದೊಡ್ಡವ್ವ ಗಾಬರಿಯಾದಳು. ಮುಂದಿನ ನಮಾಜಿಗೇ ತಿದ್ದುಪಡಿ ಹೊರಟಿತು: “ಮಾಲಕಾ, ತಪ್ಪ ಆತು, ಮಾಫ್ ಮಾಡು. ಹುಡುಗ ಈಗ ಶಾಲಿ ಹಿಂದಿನ ಗಲ್ಲಿಗೆ ಹೋಗ್ಯಾನ. ಆದ್ರ ಹಸರ ಗೇಟಿನ ಮನಿಯವ್ರಿಗೆ ಏನರ ಕೊಟ್ಟಿದ್ರ ವಾಪಸ್ ತಗೋಬ್ಯಾಡ. ಅವ್ರ ಕಾಲಿಗೂ ಏನ್ ನೋವು ಅದನೋ ಏನೋ, ಇರವಲ್ದ್ಯಾಕ!”

ಊರಿಂದ ಬಂದಿದ್ದ ಓದಿಕೊಂಡ ನೆಂಟನೊಬ್ಬ ಇದನ್ನು ಕೇಳಿ ಮುಖ ಸಿಂಡರಿಸಿದ. ಅರಬ್ಬಿಯಲ್ಲಿ ಎಷ್ಟು ಚೆಂದದ ದುವಾಗಳಿವೆ, ಅವನ್ನು ಕಲಿಯಬಾರದೇ ಎಂದ. ದೊಡ್ಡವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. “ಕಲತೀನಿ ತಮ್ಮಾ, ನಮಾಜಿನಾಗ ಅವನ್ನೂ ಓದ್ತೀನಿ. ಆದ್ರ ನೀರಿನ ಟ್ಯಾಂಕರ್ ಬಂದಿಲ್ಲ ಅಂತ ಅರಬ್ಬಿ ಒಳಗ ಹೆಂಗ ಹೇಳೂದು, ಅದೊಂದು ಕಲಿಸಿ ಹೋಗು.” ನೆಂಟ ರೊಟ್ಟಿ ಮುಗಿಸಿ ಸಂಜೆಯ ಬಸ್ಸಿಗೇ ಹೊರಟ.

ಟ್ಯಾಂಕರ್ ಎಂದೆನಲ್ಲ, ಅದು ನಮ್ಮ ಕಟ್ಟಡದ ಎಲ್ಲರ ಪರವಾಗಿ ದಿನಾ ಹೋಗುವ ಅರ್ಜಿ. ಎದುರು ಮನೆಯ ಮರಾಠಿ ಕಾಕೂ ಬೆಳಿಗ್ಗೆ ಗಣಪತಿಗೆ ದಾಸವಾಳ ಏರಿಸಿ, ಸೀದಾ ನಮ್ಮ ಬಾಗಿಲಿಗೆ ಬಂದು, “ಆಜ್ ಟ್ಯಾಂಕರ್‌ಚಂ ಸಾಂಗಿತಲಂ ಕಾ?” ಎಂದು ವಿಚಾರಿಸುತ್ತಾಳೆ. ಟ್ಯಾಂಕರಿನ ವಿಷಯ ಹೇಳಿದಿರಾ ಎಂದು! ಎರಡೂ ಕಡೆ ವಶೀಲಿ ಇರಲಿ ಎಂಬ ಜಾಣತನ ಅವಳದು.

ಇಷ್ಟೆಲ್ಲ ಬೇಡುವವಳು ತನಗೆ ಮಾತ್ರ ಏನೂ ಬೇಡುವುದಿಲ್ಲ. ಕೇಳಿದರೆ, “ಇನ್ನೊಬ್ಬರಿಗೆ ಅವರ ಬೆನ್ನ ಹಿಂದ ದುವಾ ಮಾಡಿದ್ರ, ಫರಿಶ್ತೆ ಬಂದು ನಿನಗೂ ಅದೇ ಸಿಗಲಿ ಅಂತ ಅಂತಾನಂತ. ದೇವದೂತನೇ ನನ್ನ ಸಲುವಾಗಿ ಬೇಡಾಕತ್ತಿರೂವಾಗ ನಾ ಯಾಕ ಬಾಯಿ ನೋಯಿಸ್ಕೊಳ್ಳಿ?” ಎನ್ನುತ್ತಾಳೆ. ಒಮ್ಮೆ ಕಾಕೂನ ಮಗಳಿಗೆ ವರ ಬೇಡುತ್ತಿದ್ದಳು. ಎತ್ತರ ಇರಬೇಕು, ಸಿಟ್ಟು ಇರಬಾರದು, ಗೊರಕೆಯಂತೂ ಹೊಡೆಯಲೇಬಾರದು! ಕುಳ್ಳಗಿನ, ಸಿಡುಕಿನ, ಗೊರಕೆಗೆ ಹೆಸರಾದ ನಮ್ಮ ದೊಡ್ಡಪ್ಪ ಚಹಾದ ಕಪ್ಪು ಬಿಟ್ಟು ಎದ್ದ.

“ಏ, ತಡಿ! ಫರಿಶ್ತೆ ನಿನಗೂ ಅದೇ ಸಿಗಲಿ ಅಂದ್ರ ನಾ ಎಲ್ಲಿಗೆ ಹೋಗ್ಲಿ?”

ಅಂದಿನಿಂದ ಲಗ್ನದ ದುವಾಗಳಿಗೆ ದೊಡ್ಡಪ್ಪನ ‘ಆಮೀನ್’ ಬಂದ್. ಹುಡುಗಿಯ ಮದುವೆಯಾಗಿ ಮಗುವೂ ಆಯಿತು, ಅವನ ಹರತಾಳ ಮಾತ್ರ ಇನ್ನೂ ನಡೆದಿತ್ತು.

ಆ ದನಿಯ ಬಗ್ಗೆ ನಾನೊಮ್ಮೆ ತಕರಾರು ಮಾಡಿದ್ದೆ. “ಸಾವಕಾಶ ಬೇಡಬೇ, ಅಲ್ಲಾ ಏನು ದೂರ ಕುಂತಾನ?”

ದೊಡ್ಡವ್ವ ಆವತ್ತು ನಗಲಿಲ್ಲ. “ಮನಸಿನಾಗ ಅಂದ್ರೂ ಅವಗ ಮುಟ್ಟತದ. ಮಂದಿಗೆ ಮುಟ್ಟೂದಿಲ್ಲಲಾ? ನನ್ನ ಹೆಸರಿಲೆ ಯಾರೋ ಕೈ ಎತ್ಯಾರ ಅಂತ ಗೊತ್ತಾದ್ರ ಜೀವಕ್ಕ ಭಾಳ ಸಮಾಧಾನ ಆಗ್ತದ.”

ಈಚೆಗೆ ಅವಳ ಕೊರಳಲ್ಲಿ ಗಂಟೊಂದು ಬೆಳೆದು ಆಪರೇಶನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ದೊಡ್ಡವ್ವನ ದನಿಯೇ ಹೋಗಿತ್ತು. ದನಿಯ ನರಕ್ಕೆ ಪೆಟ್ಟಾಗಿದೆ, ಬಂದರೂ ಬಂದೀತು, ಮೆಲ್ಲಗೆ ಮಾತಾಡಿ ನೋಡಲಿ ಎಂದರು ಡಾಕ್ಟರು. ಅವಳು ಒಂದು ಸಲ ಬಾಯಿ ತೆರೆದಳು. ಬರೀ ಉಸಿರು ಬಂತು. ಆಮೇಲೆ ಯಾರು ಎಷ್ಟು ಹೇಳಿದರೂ ಬಾಯಿ ತೆರೆಯಲು ಒಪ್ಪಲಿಲ್ಲ. ದವಾಖಾನೆಯ ಮಂಚದ ಮೇಲೇ ನಮಾಜು ಮಾಡಿ ಅಂಗೈ ಎತ್ತುತ್ತಿದ್ದಳು. ತುಟಿ ಕೂಡ ಅಲುಗುತ್ತಿರಲಿಲ್ಲ. ಅದನ್ನು ನೋಡಲಾಗದೆ ದೊಡ್ಡಪ್ಪ ಕಾರಿಡಾರಿಗೆ ಹೋಗಿ ನಿಲ್ಲುತ್ತಿದ್ದ. ನನಗೂ ಹೆದರಿಕೆಯಾಗಿತ್ತು.

ಒಂದು ಮಧ್ಯಾಹ್ನ ಅವಳು ಕೈ ಎತ್ತಿದಾಗ ಅವಳ ಪಕ್ಕದಲ್ಲಿ ಕೂತು ನಾನೂ ಎತ್ತಿದೆ. “ಇವತ್ತ ನಾ ಹೇಳ್ತೀನಿ, ನೀ ಬರೇ ಕೇಳಸ್ಕೊ” ಎಂದೆ. ಬಿಬವೇವಾಡಿಯ ಕಾಲಿನಿಂದ ಸುರುಮಾಡಿದೆ. ಕಾಕೂ, ಅವಳ ಮೊಮ್ಮಗು, ಹಸಿರು ಗೇಟಿನ ಗುರುತಿಲ್ಲದ ಮಂದಿ, ಯಾರನ್ನೂ ಬಿಡಲಿಲ್ಲ. ಮುಗಿಯಿತೆಂದುಕೊಂಡಾಗ ದೊಡ್ಡವ್ವ ಕೊಡ ಹೊತ್ತಂತೆ ಕೈಸನ್ನೆ ಮಾಡಿದಳು. ಹೌದಲ್ಲ, ಟ್ಯಾಂಕರ್! ಅದನ್ನೂ ಸೇರಿಸಿದೆ. ಅವಳು ಸಮಾಧಾನದಿಂದ ಅಂಗೈಯನ್ನು ಮುಖಕ್ಕೆ ಸವರಿಕೊಳ್ಳಲು ಹೋದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

“ಇನ್ನೊಬ್ಬಾಕಿ ಉಳದಾಳ ಮಾಲಕಾ. ನಮ್ಮ ದೊಡ್ಡವ್ವ. ತನ್ನ ಸಲುವಾಗಿ ಎಂದೂ ನಿನ್ನ ಬಾಗಲಾ ಬಡದಾಕಿ ಅಲ್ಲ. ಆಕಿ ದನಿ ಆಕಿಗೆ ತಿರುಗಿ ಕೊಡು. ಇಲ್ಲೇ ಪಿಂಪ್ರಿ ದವಾಖಾನಿ ಒಳಗದಾಳ. ಲಿಫ್ಟ್ ಬಂದ್ ಅದ, ಪಾವಟಿಗಿ ಹತ್ತಿ ಬರಬೇಕು. ಎರಡನೇ ಮಾಳಿಗಿ, ಕಿಡಕಿ ಬಾಜೂದ ಕಾಟು...”

ನನ್ನ ಮಾತಿನ್ನೂ ಮುಗಿದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ “ಆಮೀನ್!” ಎಂದು ಕೂಗಿದ ಹೊಡೆತಕ್ಕೆ ನರ್ಸ್ ಓಡಿ ಬಂದಳು. “ಆಜೋಬಾ, ಹಳೂ!” ಎಂದು ಗದರಿದಳು. ಅಜ್ಜಾ, ಮೆಲ್ಲಗೆ ಎಂದು! ಅವನ ಕಣ್ಣು, ಮೂಗು ಎರಡೂ ಸೋರುತ್ತಿದ್ದವು.

ಆಗ ನನ್ನ ಕೈಯನ್ನು ಯಾರೋ ಜಗ್ಗಿದರು. ತಿರುಗಿ ನೋಡಿದೆ. ದೊಡ್ಡವ್ವನ ಕಣ್ಣು ತುಂಬಿತ್ತು, ಆದರೆ ಹುಬ್ಬು ಗಂಟಿಕ್ಕಿತ್ತು. ಬಾಯಿ ತೆರೆದಳು. ಮೊದಲು ಬರೀ ಉಸಿರು. ಆಮೇಲೆ ಒಡೆದ, ಗೊಗ್ಗರು, ಆದರೆ ಅವಳದೇ ಆದ ದನಿ.

“ಎರಡನೇದಲ್ಲವಾ... ಮೂರನೇ ಮಾಳಿಗಿ.”