ಟಗರಿನ ಏಳು ತಲೆಮಾರು

ನಮ್ಮ ಜಿಲ್ಲೆಯಲ್ಲಿ ಯಾವ ಪ್ರಾಣಿಗೂ ತನ್ನಷ್ಟಕ್ಕೆ ತಾನು ಜೀವಂತವಾಗಿರುವ ಅಧಿಕಾರವಿಲ್ಲ. ಉಸಿರಾಡುವುದು, ಮೇಯುವುದು, ಒದೆಯುವುದು ಇವೆಲ್ಲ ಬರೀ ಆರೋಪಗಳು, ಪುರಾವೆಗಳಲ್ಲ. ಜಿಲ್ಲೆಯ ದೊರೆ ಅಕಿಮ್ ಸಾಹೇಬರು ರಾಜಧಾನಿಯಲ್ಲೊಂದು ಉಪನ್ಯಾಸ ಕೇಳಿ ಬಂದವರೇ ಆಜ್ಞೆ ಹೊರಡಿಸಿದರು: "ಜೀವಿಯೆಂಬುದು ಶರ್ಕರಪಿಷ್ಟ, ಕೊಬ್ಬು, ಪ್ರೋಟೀನು ಹಾಗೂ ನ್ಯೂಕ್ಲಿಯಿಕ್ ಆಮ್ಲ ಎಂಬ ನಾಲ್ಕು ವಸ್ತುಗಳನ್ನು ಒಂದೆಡೆ ಹೊಂದಿರತಕ್ಕದ್ದು." ಉಪನ್ಯಾಸದ ನಡುವೆಯೇ ಊಟಕ್ಕೆ ಕರೆದರಂತೆ. ಹಾಗಾಗಿ ಆಜ್ಞೆಯೂ ಅಲ್ಲಿಗೇ ನಿಂತಿತು. ನಾಲ್ಕು ವಸ್ತುವಿಗೆ ನಾಲ್ಕು ಕಚೇರಿ ಎದ್ದವು. ನಾಲ್ಕಕ್ಕೂ ಇಂಗಾಲವೇ ಮೂಲ ಎಂದು ಯಾರೋ ಬಲ್ಲವರು ಹೇಳಿದ್ದರಿಂದ, ನಮ್ಮ ಮನೆಗಳ ಕಲ್ಲಿದ್ದಲೆಲ್ಲ ಆ ಕಚೇರಿಗಳ ಒಲೆಗೆ ಹೋಯಿತು.

ಆಜ್ಞೆಗೊಂದು ಬಾಲವೂ ಇತ್ತು: "ಜೀವಿಯೆಂದು ಪ್ರಮಾಣಪತ್ರ ಪಡೆಯದ ಪ್ರಾಣಿಯನ್ನು ಕೊಯ್ಯತಕ್ಕದ್ದಲ್ಲ. ಜೀವವೇ ಇಲ್ಲದ್ದನ್ನು ಕೊಲ್ಲುವುದು ಸರ್ಕಾರಕ್ಕೆ ಮಾಡಿದ ಮೋಸವಾಗುತ್ತದೆ."

ನ್ಯಾಯವಾದ ಮಾತೇ. ಪಕ್ಕದ ಮನೆಯ ಎಸೆನ್‌ಕುಲ್ ತನ್ನ ಹರಕುಗಿವಿಯ ಟಗರನ್ನು ಹೊಡೆದುಕೊಂಡು ಹೋದ. ಶರ್ಕರಪಿಷ್ಟದ ಕಚೇರಿಯವರು, ಪಿಷ್ಟ ಕೂಡಿಟ್ಟಿರುವುದು ಪಿತ್ತಜನಕಾಂಗದಲ್ಲಿ ಎಂದು ಅದನ್ನೇ ಮಾದರಿಗೆ ಇಟ್ಟುಕೊಂಡರು. ಕೊಬ್ಬಿನ ಕಚೇರಿಯವರು ಬಾಲ ಇಟ್ಟುಕೊಂಡರು. ನಮ್ಮ ಕಡೆಯ ಟಗರಿನ ಬಾಲವೆಂದರೆ ಕುದುರೆಯ ಜೀನಿನಷ್ಟು ದಪ್ಪ, ಬರೀ ಕೊಬ್ಬು. ಪ್ರೋಟೀನಿನವರು ತೊಡೆಗಳನ್ನು ತೂಗಿ ಒಳಗಿಟ್ಟರು. ಉಳಿದ ತಲೆಯನ್ನು ಚೀಲದಲ್ಲಿ ಹಾಕಿಕೊಂಡು ಎಸೆನ್‌ಕುಲ್ ನಾಲ್ಕನೆಯ ಕಚೇರಿಗೆ ಹೋದ.

ಅಧಿಕಾರಿ ಮೆದೆರ್ ಕೇಳಿದ, "ಅರ್ಜಿದಾರ ಎಲ್ಲಿ?"

"ಚೀಲದಲ್ಲಿದಾನೆ ಸ್ವಾಮಿ."

"ಇದು ಸತ್ತಿದೆಯಲ್ಲಯ್ಯಾ! ಸತ್ತದ್ದಕ್ಕೆ ಜೀವಿ ಅಂತ ಹೆಂಗ್ ಕೊಡ್ಲಿ? ನೌಕರಿ ಹೋಗತ್ತೆ ನಂದು," ಎಂದು ತಲೆಯನ್ನೂ ಮಾದರಿಗಳ ತಂಪುಕೋಣೆಗೆ ಸೇರಿಸಿದ.

ಹೀಗಿರುವಾಗ ವಿಧವೆ ಜಿಪಾರಳ ಮಗಳು ಬುರುಲ್‌ಗೆ ಮದುವೆ ಗೊತ್ತಾಯಿತು. ಬೀಗರು ಕಣಿವೆಯಾಚೆಯವರು, ಮೂಗಿನ ತುದಿಯಲ್ಲೇ ಮರ್ಯಾದೆ ಇಟ್ಟುಕೊಂಡವರು. ಅವರ ಮುಂದೆ ಟಗರಿನ ತಲೆ ಬರಲಿಲ್ಲವೆಂದರೆ ಬಂದ ಕುದುರೆಯಲ್ಲೇ ವಾಪಸ್ಸು. ಮದುವೆ ಮುರಿದಂತೆಯೇ. ಜಿಪಾರಳ ಹತ್ತಿರ ಇದ್ದದ್ದು ಒಂದೇ ಟಗರು.

"ಅಣ್ಣಾ, ನೀನೇ ಗತಿ," ಎಂದಳು ನನ್ನ ಹತ್ತಿರ ಬಂದು. "ಬೇರೆ ಯಾರೂ ಮನೇಲಿ ಸಿಗಲಿಲ್ಲ."

ಸರಿಯಾದ ಕಡೆಗೇ ಬಂದಿದ್ದಳು. ನನ್ನ ಬುದ್ಧಿಯ ವಿಷಯ ನಾನೇ ಹೇಳಿಕೊಳ್ಳುವುದು ಸರಿಯಲ್ಲ. ಬೇರೆಯವರು ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ: ಈ ಬೆಟ್ಟಸಾಲಿನಲ್ಲಿ ನನ್ನಷ್ಟು ಚುರುಕು ತಲೆ ಇನ್ನೊಂದಿಲ್ಲ. ಒಮ್ಮೆ ತೋಳವೊಂದು ನನ್ನೊಡನೆ ವಾದಕ್ಕಿಳಿದು, ಸೋತು, ಹುಲ್ಲು ತಿನ್ನಲು ಶುರುಮಾಡಿತ್ತು.

"ಎಸೆನ್‌ಕುಲ್ ಎಡವಿದ್ದು ಎಲ್ಲಿ ಗೊತ್ತಾ?" ಎಂದೆ. "ತಲೆಯಿಂದ ಶುರು ಮಾಡೋ ಬದಲು ಬಾಲದಿಂದ ಶುರು ಮಾಡಿದ. ನಾವು ಹುಳಿ ಕಚೇರಿಗೆ ಮೊದಲು ಹೋಗೋಣ."

ಆಮ್ಲವೆಂದರೆ ಹುಳಿ ತಾನೇ? ನಾಲ್ಕನೆಯದನ್ನು ಊರವರು ಹಾಗೇ ಕರೆಯುತ್ತಿದ್ದರು. ಕೆಲವರು ಒಣಗಿಸಿದ ಹುಳಿಮೊಸರಿನ ಉಂಡೆಗಳನ್ನೂ ಅಲ್ಲಿ ಕೊಟ್ಟು ಬಂದಿದ್ದರು. ಮೆದೆರ್ ತಿಂದು ರಸೀದಿ ಕೊಟ್ಟಿದ್ದ. ಅವನು ನೀರಾವರಿಯಿಂದ ವರ್ಗವಾಗಿ ಬಂದವನು. ನ್ಯೂಕ್ಲಿಯಿಕ್ ಆಮ್ಲ ಏನೆಂದು ಅವನಿಗೆ ಗೊತ್ತಿರಲಿಲ್ಲ. ಮೇಲಿನಿಂದ ಬಂದ ಒಂದು ಸಾಲು ಮಾತ್ರ ಬಾಯಿಪಾಠವಾಗಿತ್ತು: "ಪೀಳಿಗೆಯಿಂದ ಪೀಳಿಗೆಗೆ ವಂಶದ ಗುರುತು ಸಾಗಿಸುವ ವಸ್ತು." ವಂಶವೆಂದ ಮೇಲೆ ನಮ್ಮಲ್ಲಿ ಕೇಳುವುದು ಒಂದೇ ಪ್ರಶ್ನೆ. ಏಳು ತಲೆಮಾರಿನ ಹೆಸರು ಬಾರದವನನ್ನು ನಾವು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮೆದೆರ್ ಟಗರಿನ ಕಡೆ ತಿರುಗಿ ಕೇಳಿದ, "ಏಳು ತಲೆಮಾರು ಹೇಳು."

ಟಗರು ಅವನ ಟೊಪ್ಪಿಗೆಯನ್ನು ನೋಡಿತು.

"ಹುಡುಗನಿಗೆ ನಾಚಿಕೆ, ನಾನು ಹೇಳ್ತೀನಿ," ಎಂದೆ. "ಇವನು ಕರಿಮೂತಿಯ ಮಗ. ಕರಿಮೂತಿ ಯಾರ ಮಗನಪ್ಪಾ ಅಂದ್ರೆ..."

ಮುಂದಕ್ಕೆ ನನಗೂ ಗೊತ್ತಿರಲಿಲ್ಲ. ಎದುರಿನ ಗೋಡೆಯ ಮೇಲೆ ಅಕಿಮ್ ಸಾಹೇಬರ ವಂಶಾವಳಿಯ ಹಲಗೆ ಚಿನ್ನದ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. ಹುದ್ದೆಗೆ ತಕ್ಕ ಹಾಗೆ ಅವರು ಎಂಟು ತಲೆಮಾರು ಬರೆಸಿದ್ದರು. ಕೆಳಗಿನ ಎರಡು ಹೆಸರು, ಅಂದರೆ ಅವರ ಅಪ್ಪನದೂ ಅಜ್ಜನದೂ, ಒಲೆಯ ಕೊಳವೆಯ ಹಿಂದೆ ಮರೆಯಾಗಿದ್ದವು. ಕಂಡಷ್ಟನ್ನು ಗಂಭೀರವಾಗಿ ಮೇಲಕ್ಕೆ ಓದಿದೆ.

ಮೆದೆರ್ ಬೆರಳು ಮಡಿಸಿ ಎಣಿಸಿದ. ಏಳು ಸರಿಯಾಗಿತ್ತು. ಇನ್ನೊಮ್ಮೆ ಎಣಿಸಿ ಬಿಳಿಚಿಕೊಂಡ. ಸುಳ್ಳೆಂದರೆ ಅಕಿಮರ ಹಿರಿಯರು ಸುಳ್ಳಾಗುತ್ತಾರೆ. ನಿಜವೆಂದರೆ...

"ಅಕಿಮರ ಮುತ್ತಜ್ಜನ ಮೊಮ್ಮಗನೇ? ಹಂಗಾದ್ರೆ ಇವರು ಸಾಹೇಬರಿಗೆ ಚಿಕ್ಕಪ್ಪ ಆಗ್ಬೇಕು!" ಎಂದು ಎದ್ದು ನಿಂತ. "ಕೂತ್ಕೊಳ್ಳಿ ಅಂತ ಹೇಳಿ ಅವರಿಗೆ."

ಆಮೇಲೆ ಎಲ್ಲ ಸಲೀಸು. ಕೊಬ್ಬಿನ ಕಚೇರಿಯಲ್ಲಿ ನಾನು ಕೇಳಿದ್ದು ಇಷ್ಟೇ: "ಸಾಹೇಬರ ಚಿಕ್ಕಪ್ಪನ ಬಾಲ ಕೊಯ್ಯಿರಿ ಅಂತ ಬರೆದು ರುಜು ಹಾಕ್ತೀರಾ?" ದೂರದಿಂದಲೇ ಬಾಲಕ್ಕೆ ನಮಸ್ಕಾರ ಮಾಡಿ ಮುದ್ರೆ ಒತ್ತಿದರು. ಪ್ರೋಟೀನಿನವರು ತೊಡೆ ಮುಟ್ಟಿ ಕ್ಷಮೆ ಕೇಳಿದರು. ಪಿಷ್ಟದವರು, ಒಂದು ವೇಳೆ ಕಡಿಮೆ ಬಿದ್ದರೆ ಎಂದು, ಎರಡು ಸಕ್ಕರೆ ಗಡ್ಡೆಯನ್ನೂ ತಿನ್ನಿಸಿದರು.

ಟಗರು ಕಾನೂನುಬದ್ಧವಾಗಿ ಜೀವಂತವಾಯಿತು. ಜಿಪಾರ್ ಸಂತೋಷದಿಂದ ಮನೆಗೆ ಬಂದು ಚೂರಿ ಮಸೆದಳು. ಅಷ್ಟರಲ್ಲಿ ಮೆದೆರ್ ಓಡಿಬಂದ.

"ಏನಮ್ಮಾ ಇದು! ಸಾಹೇಬರ ಚಿಕ್ಕಪ್ಪನ ಮುಂದೆ ಚೂರಿನಾ? ಸಾಹೇಬರೇ ಅವರನ್ನ ನೋಡೋಕೆ ಬರ್ತಿದಾರೆ!"

ಜಿಪಾರ್ ಚೂರಿ ಬಿಸಾಡಿ ಅಳತೊಡಗಿದಳು. ಬೀಗರು ಆಗಲೇ ಕಣಿವೆ ಇಳಿಯುತ್ತಿದ್ದರು. ದೂಳು ಕಾಣುತ್ತಿತ್ತು.

"ನನ್ನ ಮಗಳ ಬಾಳು ಹಾಳುಮಾಡಿದೆಯಲ್ಲೋ ಬಾಯಿಬಡುಕ! ಬೀಗರಿಗೆ ಈಗ ಏನ್ ಬಡಿಸ್ಲಿ? ನಿನ್ನ ನಾಲಿಗೆನಾ?"

"ಊರಿಗೆಲ್ಲ ಸಾಲತ್ತೆ ಅದು," ಎಂದ ಬೇಲಿಯಾಚೆಯಿಂದ ಎಸೆನ್‌ಕುಲ್.

ಮೈ ಬೆವೆತಿತ್ತು, ಒಪ್ಪಿಕೊಳ್ಳುತ್ತೇನೆ. ಆದರೂ ತಣ್ಣಗೆ ಮೆದೆರನ ಕಡೆ ತಿರುಗಿದೆ. "ಸಾಹೇಬರ ಚಿಕ್ಕಪ್ಪ ಹಿರಿತನ ವಹಿಸಿದ ಮದುವೆ. ಅಲ್ಲಿ ಬರೀ ಚಹಾ ಕೊಟ್ರು ಅಂತ ಸಾಹೇಬರಿಗೆ ಗೊತ್ತಾದ್ರೆ, ನಿನ್ನ ನೀರಾವರಿಗೆ ವಾಪಸ್ ಕಳಿಸ್ತಾರೋ, ನೀರಿಗೇ ಕಳಿಸ್ತಾರೋ?"

ಬೀಗರು ಕುದುರೆ ಇಳಿಯುವುದರೊಳಗೆ ನಾಲ್ಕೂ ಕಚೇರಿಗಳ ತಂಪುಕೋಣೆಗಳು ಖಾಲಿಯಾದವು. ಹಂಡೆ ಕುದಿಯಿತು. ಟಗರನ್ನು ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ, ಹೊಸ ಉಣ್ಣೆಗಂಬಳಿಯ ಮೇಲೆ ಕೂರಿಸಿದೆವು. ಬೀಗರ ಹಿರಿಯ ಒಳಗೆ ಬಂದು ಅದನ್ನು ನೋಡಿ ಹುಬ್ಬೇರಿಸಿದ. ಅವನ ಬೆನ್ನಿಗೇ ಬಂದ ಅಕಿಮ್ ಸಾಹೇಬರು ಟಗರಿನ ಮುಂದೆ ನಿಂತು ಬಹಳ ಹೊತ್ತು ದಿಟ್ಟಿಸಿದರು.

"ನಮ್ಮಪ್ಪನ ಮೂಗೇ," ಎಂದರು.

ಬೀಗ ತಕ್ಷಣ ಟೊಪ್ಪಿಗೆ ಸರಿಮಾಡಿಕೊಂಡು ಟಗರಿಗೆ ಕುಶಲ ಕೇಳಿದ.

ತಟ್ಟೆ ಬಂತು. ತೊಡೆ, ಬಾಲ, ಪಿತ್ತಜನಕಾಂಗ, ನಡುವೆ ತಲೆ. "ಅಯ್ಯೋ, ನಮ್ಮ ಹರಕುಗಿವಿ!" ಎಂದ ಎಸೆನ್‌ಕುಲ್. ನಾಲ್ಕೂ ವಸ್ತು ಒಂದೆಡೆ ಸೇರಿರುವುದನ್ನು ಗಮನಿಸಿದ ಅಧಿಕಾರಿಗಳು ಅಲ್ಲೇ ತಟ್ಟೆಯನ್ನು ಜೀವಿಯೆಂದು ಘೋಷಿಸಿ, ಅಂಚಿಗೆ ಮುದ್ರೆ ಒತ್ತಿದರು. ಎಸೆನ್‌ಕುಲ್‌ನ ಅರ್ಜಿಯೂ ಹೀಗೆ ವಿಲೇವಾರಿಯಾಯಿತು.

"ಎಷ್ಟು ಅಚ್ಚುಕಟ್ಟು!" ಎಂದ ಬೀಗ. "ನಮ್ಮ ಕಡೆ ಇಷ್ಟೆಲ್ಲ ಇಲ್ಲ."

ಪದ್ಧತಿಯಂತೆ ತಲೆಯನ್ನು ಎಲ್ಲರಿಗಿಂತ ಹಿರಿಯರ, ಅಂದರೆ ಚಿಕ್ಕಪ್ಪನ, ಮುಂದಿಟ್ಟೆವು. ಟಗರು ಅದರ ಮುಖ ನೋಡಿತು. ಆಮೇಲೆ ಜಿಪಾರಳ ಮುಖ ನೋಡಿತು. ಆಮೇಲೆ ಕತ್ತೆತ್ತಿ ಉದ್ದಕ್ಕೆ "ಮ್ಯಾಂ" ಎಂದಿತು.

"ಆಮೀನ್!" ಎಂದರು ಎಲ್ಲರೂ, ಅಂಗೈಯಿಂದ ಮುಖ ಸವರಿಕೊಂಡು. ಬೀಗ ಬುರುಲಳ ಕಿವಿಗೆ ಓಲೆ ತೊಡಿಸಿ ಸಂಬಂಧ ಗಟ್ಟಿಮಾಡಿದ. ಜಿಪಾರ್ ಅತ್ತಳು, ಈ ಸಲ ಬೇರೆ ಥರ.

ಎಸೆನ್‌ಕುಲ್ ತನ್ನ ಟಗರನ್ನು ತಾನೇ ತಿಂದ. ರುಚಿಯಾಗಿದೆ ಎಂದೂ ಹೇಳಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದ.

"ಅಣ್ಣಾ, ನಮ್ಮ ಹೋರಿಗೂ ಒಂದು ವಂಶ ಸಿಗಬಹುದಾ?"

"ಯೋಚನೆ ಮಾಡ್ಬೇಡ," ಎಂದೆ. "ಕೊಳವೆ ಹಿಂದಿನ ಎರಡು ಹೆಸರು ಇನ್ನೂ ಖರ್ಚಾಗಿಲ್ಲ."